ಕಡಲ ಬಂಡೆಗೆ ಪುಟ್ಟ ದೋಣಿಯೇ ಸರಿ

ಗುಬ್ಬಿಯನ್ನು ಹಾದುಹೋಗುವ ಹೆದ್ದಾರಿ ತಿಪಟೂರು, ಅರಸೀಕೆರೆ, ಕಡೂರು, ಶಿವಮೊಗ್ಗ, ಸಾಗರ ದಾಟಿ ಹೊನ್ನಾವರದಲ್ಲಿ ಸಮುದ್ರ ಮುಟ್ಟುತ್ತದೆ. 206 ಎಂಬ ಹಳೆಯ ನಂಬರಿನಿಂದಲೇ ನಮ್ಮಲ್ಲಿ ಅನೇಕರು ಇಂದಿಗೂ ಅದನ್ನು ಗುರುತಿಸುತ್ತಾರೆ. ಸುಮಾರು 350 ಕಿ.ಮೀ. ದಾರಿ. ಡಿಸೆಂಬರ್ ರಜೆ ಬಂತೆಂದರೆ ತುಮಕೂರು, ಕುಣಿಗಲ್, ಗುಬ್ಬಿ ಕಡೆಯ ಎಷ್ಟೋ ಸಂಸಾರಗಳು ಕಡಲ ಕಡೆ ಹೊರಡುತ್ತವೆ. ಮೊಣಕಾಲುದ್ದ ನೀರಲ್ಲಿ ನಿಂತು, ಸ್ಪೀಡ್‌ಬೋಟಿನಲ್ಲಿ ಒಂದು ಸುತ್ತು ಹಾಕಿ, ಫೋಟೊ ತೆಗೆಸಿಕೊಂಡು ಮರಳುತ್ತವೆ. ಅಷ್ಟು ದೂರ ಹೋದವರು ಒಂದು ಬೆಳಗನ್ನು ಪುಟ್ಟ ದೋಣಿಗೆ ಕೊಟ್ಟು, ಮಾಸ್ಕ್ ಕಟ್ಟಿ ನೀರೊಳಗೆ ಇಣುಕಬೇಕು ಎಂಬುದು ಈ ವಾರದ ನನ್ನ ಮಾತು.

ನೀರೊಳಗಿನ ಲೋಕ ಎಂದ ಕೂಡಲೇ ಎಲ್ಲರ ಬಾಯಲ್ಲೂ ನೇತ್ರಾಣಿ. 2022ರಲ್ಲಿ ಬಂದ ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ಯಲ್ಲಿ ಆ ದ್ವೀಪದ ನೀರನ್ನು ಕಂಡವರು ಬಹಳ. ಅಲ್ಲಿನ ಬಂಡೆ, ಹವಳ, ಗಿಳಿಮೀನು, ಚಿಟ್ಟೆಮೀನುಗಳಿಗೆ ಸಾಟಿಯಿಲ್ಲ. ಆದರೆ ಅದು ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ತೆರೆದ ಕಡಲಿನಾಚೆ ಇದೆ. ಅಲ್ಲಿಗೆ ದೊಡ್ಡ ಬೋಟು, ನುರಿತ ಡೈವಿಂಗ್ ತಂಡ ಬೇಕು. ಪುಟ್ಟ ದೋಣಿಯ ಜಾಗ ದಡಕ್ಕಂಟಿದ ಬಂಡೆಸಾಲು, ಮರೆಯಾದ ಕೊಲ್ಲಿ. ಗೋಕರ್ಣದ ಓಂ ಬೀಚ್, ಹಾಫ್ ಮೂನ್, ಪ್ಯಾರಡೈಸ್ ಬೀಚುಗಳ ನಡುವಿನ ಕಲ್ಲಂಚು ಅಂಥದ್ದು. ಮೊಣಕಾಲಾಳದಲ್ಲೂ ತೇಲುವ ದೋಣಿ ದೊಡ್ಡ ಬೋಟು ಸುಳಿಯದ ಕಡೆಗೆ ನಮ್ಮನ್ನು ಒಯ್ಯುತ್ತದೆ. ಹುಟ್ಟು ಹಾಕಿಕೊಂಡು ಸದ್ದಿಲ್ಲದೆ ಹೋದರೆ ಮೀನು ಚದುರುವುದೂ ಕಡಿಮೆ.

ಈ ಹವ್ಯಾಸದಲ್ಲಿ ಅರ್ಧ ಕೆಲಸ ಹೊತ್ತು ಆರಿಸುವುದು. ರಾತ್ರಿ ನೆಲ ಬೇಗ ತಣಿಯುವುದರಿಂದ ನಸುಕಿನಲ್ಲಿ ಗಾಳಿ ನೆಲದಿಂದ ಕಡಲ ಕಡೆ ಮೆಲ್ಲಗೆ ಬೀಸುತ್ತದೆ. ದಡದ ನೀರು ಸಮನಾಗಿರುತ್ತದೆ. ಬಿಸಿಲೇರಿದಂತೆ ಗಾಳಿ ತಿರುಗಿ ಕಡಲಿನಿಂದ ನುಗ್ಗುತ್ತದೆ, ಅಲೆ ಎದ್ದು ಮರಳು ಕದಡುತ್ತದೆ. ಬೆಳಗ್ಗೆ ಬೇಗ ಇಳಿದು ಹತ್ತು-ಹನ್ನೊಂದರೊಳಗೆ ದಡ ಸೇರಬೇಕು. ಉಬ್ಬರದ ತುದಿಯ ಹೊತ್ತು ಇನ್ನೂ ಒಳ್ಳೆಯದು, ಹೊರಗಡಲಿನ ತಿಳಿನೀರು ಆಗ ಬಂಡೆಯವರೆಗೂ ಬಂದಿರುತ್ತದೆ. ಉಬ್ಬರದ ವೇಳೆ ದಿನಕ್ಕೆ ಮುಕ್ಕಾಲು ಗಂಟೆಗೂ ಸ್ವಲ್ಪ ಹೆಚ್ಚು ತಡವಾಗುತ್ತ ಹೋಗುತ್ತದೆ. ಇಂದು ಏಳಕ್ಕಿದ್ದರೆ ನಾಳೆ ಎಂಟರ ಹತ್ತಿರ ಎಂದು ಲೆಕ್ಕ ಹಿಡಿಯಬಹುದು.

ಅದೇ ನಸುಕಿನ ಗಾಳಿಯಲ್ಲಿ ಒಂದು ಅಪಾಯವೂ ಇದೆ. ಅಂಗಡಿಯಲ್ಲಿ ಸಿಗುವ ಗಾಳಿ ತುಂಬುವ ರಬ್ಬರ್ ದೋಣಿ ಹಗುರ, ನೀರಿನ ಹಿಡಿತ ಕಡಿಮೆ. ದಡದಿಂದ ಬೀಸುವ ಗಾಳಿ ಅದನ್ನು ನೋಡನೋಡುತ್ತಲೇ ಹೊರಕ್ಕೆ ತಳ್ಳುತ್ತದೆ. ಕೆರೆಯಲ್ಲಾದರೆ ಗಾಳಿ ತಳ್ಳಿದ ದೋಣಿ ಆಚೆ ಏರಿ ಮುಟ್ಟುತ್ತದೆ. ಇಲ್ಲಿ ಆಚೆ ಏರಿ ಎಂಬುದೇ ಇಲ್ಲ. ಅಳಿವೆಯ ಬಾಯಿಯಂತೂ ಬೇಡವೇ ಬೇಡ. ಇಳಿತದಲ್ಲಿ ಹೊರಗೆ ಹರಿಯುವ ಹೊಳೆಗೆ ಒಳಬರುವ ಅಲೆ ಎದುರಾದಾಗ ನೀರು ಗೋಡೆಯಂತೆ ನಿಲ್ಲುತ್ತದೆ.

ಜಾಗ ಸಿಕ್ಕಮೇಲೆ ಲಂಗರು. ಬಯಲುಸೀಮೆಯ ನಾವು ಹಗ್ಗವನ್ನು ಬಾವಿಗೆ ಬಿಟ್ಟಂತೆ ನೆಟ್ಟಗೆ ಬಿಡುತ್ತೇವೆ. ಹಾಗೆ ಬಿಟ್ಟರೆ ಪ್ರತಿ ಅಲೆಗೂ ಲಂಗರು ಮೇಲೆದ್ದು ಜಾರುತ್ತದೆ. ಆಳದ ಐದರಿಂದ ಏಳು ಪಟ್ಟು ಹಗ್ಗ ಬಿಡಬೇಕು: ಮೂರು ಮೀಟರ್ ಆಳಕ್ಕೆ ಕನಿಷ್ಠ ಹದಿನೈದು ಮೀಟರ್. ಆಗ ಎಳೆತ ಓರೆಯಾಗಿ ಬಿದ್ದು ಲಂಗರಿನ ಕೊಕ್ಕೆ ಮರಳಿಗೆ ಕಚ್ಚುತ್ತದೆ. ಹಾಕುವುದು ಮರಳಿನಲ್ಲೇ, ಹವಳದ ಮೇಲೆ ಎಂದೂ ಅಲ್ಲ. ಒಂದು ಗಳಿಗೆಯಲ್ಲಿ ಮುರಿದ ಹವಳ ಮತ್ತೆ ಬೆಳೆಯಲು ವರ್ಷಗಳು ಬೇಕು. ದೋಣಿಯ ಹಿಂದೆ ತೇಲುವ ಇನ್ನೊಂದು ಹಗ್ಗ, ಅದರ ತುದಿಗೊಂದು ಬೆಂಡು ಇರಲಿ. ಸೆಳೆತಕ್ಕೆ ಸಿಕ್ಕವರು ಹಿಡಿದುಕೊಳ್ಳಬಹುದು. ಗುಬ್ಬಿ, ತಿಪಟೂರಿನ ತೆಂಗಿನ ನಾರು ಇದಕ್ಕೆ ಹೇಳಿಮಾಡಿಸಿದ್ದು. ನಾರಿನ ಹಗ್ಗ ತೇಲುತ್ತದೆ, ಉಪ್ಪುನೀರನ್ನು ತಡೆಯುತ್ತದೆ. ಅರಬ್ಬಿ ಸಮುದ್ರದ ಹಳೆಯ ಹಡಗುಗಳ ಹಲಗೆಗಳನ್ನು ಮೊಳೆಯಿಲ್ಲದೆ ಹೊಲಿದಿದ್ದೂ ತೆಂಗಿನ ನಾರಿನಿಂದಲೇ.

ದೋಣಿಯಿಂದ ನೀರಿಗೆ ಇಳಿಯುವುದು ಯಾರಿಗಾದರೂ ಬರುತ್ತದೆ. ಮರಳಿ ಹತ್ತುವುದನ್ನು ಮಾತ್ರ ಕಲಿಯಬೇಕು. ಪಕ್ಕದಿಂದ ಹತ್ತಲು ಹೋದರೆ ದೋಣಿ ಮಗುಚುತ್ತದೆ. ಹಿಂತುದಿಗೆ ಬಂದು, ಎರಡೂ ಅಂಗೈ ಊರಿ, ಕಾಲನ್ನು ನೀರಿನ ಮೇಲ್ಮಟ್ಟಕ್ಕೆ ತಂದು ಜೋರಾಗಿ ಒದೆಯಬೇಕು. ಎದೆ ಅಂಚಿನ ಮೇಲೆ ಬಂದ ಮೇಲೆ ಹೊಟ್ಟೆಯ ಮೇಲೆ ಒಳಕ್ಕೆ ಜಾರಬೇಕು. ಒಳಗಿದ್ದವರು ಅಷ್ಟು ಹೊತ್ತೂ ಮುಂತುದಿಯಲ್ಲಿ ಕೂತು ಭಾರ ಸರಿದೂಗಿಸಬೇಕು. ದೋಣಿಯಲ್ಲಿ ಒಬ್ಬರಾದರೂ ಉಳಿದಿರಲೇಬೇಕು. ಬೆನ್ನಿಗೆ ಬೆಂಡು ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತ ಗಟ್ಟಿಗರಿಗೂ ಲೈಫ್ ಜಾಕೆಟ್ ಬೇಕು. ಬಾವಿಯಲ್ಲಿ ಸೆಳೆತವಿರಲಿಲ್ಲ.

ಇಷ್ಟೆಲ್ಲ ಯಾತಕ್ಕೆಂದರೆ, ಮಾಸ್ಕ್ ಕಟ್ಟಿ ಮುಖವನ್ನು ನೀರಿಗಿಟ್ಟ ಆ ಕ್ಷಣಕ್ಕೆ. ಗಾಜಿನಾಚೆ ಎಲ್ಲವೂ ಮೂರನೇ ಒಂದರಷ್ಟು ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತದೆ. ಬಂಡೆಯ ಬಿರುಕಿನಲ್ಲಿ ಮುಳ್ಳುಚೆಂಡು, ಅಲೆ ಬಂದಾಗಲೆಲ್ಲ ಒಂದೇ ಕಡೆ ವಾಲುವ ಪಾಚಿ, ಬಾಯಿ ಸ್ವಲ್ಪವೇ ತೆರೆದು ನೀರು ಸೋಸುವ ಪಚ್ಚಿಲೆ ಚಿಪ್ಪು. ಅಲುಗಾಡದೆ ತೇಲುತ್ತಿದ್ದರೆ ಅಡಗಿದ್ದ ಪಟ್ಟೆಮೀನುಗಳು ಒಂದೊಂದಾಗಿ ಹೊರಬಂದು ನಮ್ಮ ಕೈಬೆರಳಿನ ಹತ್ತಿರವೇ ಮೇಯುತ್ತವೆ. ಇದಕ್ಕೆ ಆಳವೂ ಬೇಡ, ಸಿಲಿಂಡರೂ ಬೇಡ. ನೀರು ತಿಳಿಯಾಗಿದ್ದರೆ ಸಾಕು. ಮಳೆಗಾಲದ ಕೆಸರು ಇಳಿದು ನೀರು ತಿಳಿಯಾಗುವುದು ಡಿಸೆಂಬರಿನ ಹೊತ್ತಿಗೆ.

ಮೊದಲ ಸಲ ಸ್ವಂತ ದೋಣಿ ಕೊಳ್ಳಬೇಡಿ. ಹಿಂದಿನ ಸಂಜೆಯೇ ದಡಕ್ಕೆ ಹೋಗಿ, ಅಲ್ಲಿಯ ಮೀನುಗಾರರೊಬ್ಬರನ್ನು ದೋಣಿ ಸಮೇತ ಒಂದು ಬೆಳಗಿಗೆ ಗೊತ್ತುಮಾಡಿ. ಉಬ್ಬರ ಎಷ್ಟು ಹೊತ್ತಿಗೆ, ಗಾಳಿ ಹೇಗೆ, ನೀರು ಎಲ್ಲಿ ತಿಳಿ ಎಂದು ಕೇಳಿ. ಬೆಳಗ್ಗೆ ನೀರು ನೋಡಿ ಅವರು “ಇವತ್ತು ಬೇಡ” ಅಂದರೆ ಚೌಕಾಸಿ ಮಾಡಬೇಡಿ. ದಿನವೂ ಆ ನೀರಿಗಿಳಿಯುವವರ ಮಾತು ಅದು. ಬೆಳಗು ಕೆಟ್ಟದ್ದಕ್ಕೆ ಅರ್ಧ ಬಾಡಿಗೆಯಾದರೂ ಕೊಟ್ಟು, ನಾಳೆ ಬರುತ್ತೇವೆ ಎಂದು ಹೇಳಿ ಬನ್ನಿ.