ಬಟ್ಟೆ ಆಮೇಲೆ, ಮೊದಲು ರಾಡ್

ಹೊಸ ಮನೆಗೆ ಕರೆದವರು 'ಕರ್ಟನ್ ಹೆಂಗೈತಿ?' ಎಂದು ಕೇಳಿದರೆ ನಾನು ಬಟ್ಟೆ ಮುಟ್ಟುವುದಿಲ್ಲ, ತಲೆ ಎತ್ತಿ ರಾಡ್ ನೋಡುತ್ತೇನೆ. ಕಿಟಕಿಯ ಚೌಕಟ್ಟಿಗೆ ಅಂಟಿಕೊಂಡು ಕೂತಿದ್ದರೆ ಎಷ್ಟು ದುಬಾರಿ ಬಟ್ಟೆಯೂ ದಂಡ. ಮೇಲೆ ನಾಲ್ಕಾರು ಇಂಚು, ಎರಡೂ ಮಗ್ಗುಲಿಗೆ ಅರ್ಧರ್ಧ ಅಡಿ ಬಿಟ್ಟು ಕೂರಿಸಿದ್ದರೆ, ಸರಿಸಿದ ಬಟ್ಟೆಯ ಬಹುಪಾಲು ಗೋಡೆಯ ಮೇಲೆ ನಿಂತು ಕಿಟಕಿಗೆ ಬೆಳಕು ಬಿಡುತ್ತದೆ. ಈ ಅಂದಾಜು ಅಂಗಡಿಯ ಗಲ್ಲೆಯಲ್ಲಿ ಸಿಗುವುದಿಲ್ಲ. ಅದು ಸ್ಟೂಲ್ ಹತ್ತಿ ಡ್ರಿಲ್ ಹಿಡಿಯುವ ಫಿಟ್ಟರ್‌ನ ಕಣ್ಣಿನಲ್ಲಿರುತ್ತದೆ.

ಆ ಕಣ್ಣು ಊರಿಗೊಂದು ಥರ ನೋಡಬೇಕಾಗುತ್ತದೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ಕಾಗದದಲ್ಲಿ ಜಿಲ್ಲೆ ಒಂದಾಯಿತು, ಗೋಡೆ ಮತ್ತು ಗಾಳಿ ಒಂದಾಗಲಿಲ್ಲ. ಫಿಟ್ಟರ್‌ಗೆ ಬೇಕಾದ ಭೂಗೋಳ ಗೋಡೆ, ಗಾಳಿಯದೇ.

ಚನ್ನಗಿರಿಯಲ್ಲಿ ಮನೆ ಏಳುವುದು ಅಡಿಕೆ ದುಡ್ಡಿನಿಂದ. ಹಾಲ್ ದೊಡ್ಡದು, ಕಿಟಕಿ ಅಗಲ, ಯಜಮಾನರಿಗೆ ಕೆನೆಬಣ್ಣದ ಬಟ್ಟೆಯೇ ಬೇಕು. ಅಡಿಕೆ ಬೇಯಿಸುವ ಕಾಲಕ್ಕೆ ಅಂಗಳದಿಂದ ಒಳಬಂದ ಕೈಯೊಂದು ಪರದೆ ಸರಿಸಿತೋ, ಚೊಗರಿನ ಕೆಂಪು ಕಲೆ ಯಾವ ಸೋಪಿಗೂ ಬಗ್ಗದು. ಅಂಗಳದ ಕಡೆಯ ಕಿಟಕಿಗೆ ಗಾಢ ಕಂದು ಹಾಕಿಸಿ ಎನ್ನುವ ಫಿಟ್ಟರ್‌ನನ್ನು ನಾನು ಡಿಸೈನರ್‌ಗಿಂತ ಹೆಚ್ಚು ನಂಬುತ್ತೇನೆ.

ಹೊನ್ನಾಳಿಯ ಗದ್ದೆ ಸೀಮೆಯ ಶತ್ರು ಸೊಳ್ಳೆ. ಜಾಲರಿ ಬಾಗಿಲು ಒಳಕ್ಕೆ ತೆರೆಯುತ್ತದೆ. ರಾಡ್ ಗೋಡೆಗೆ ಹತ್ತಿರವಿದ್ದರೆ ಜಾಲರಿ ಬಟ್ಟೆಗೆ ಸಿಕ್ಕಿ ಎಳೆ ಕಿತ್ತು ಬರುತ್ತದೆ. ಬಲ್ಲವನು ಅಳತೆ ಟೇಪು ಬಿಚ್ಚುವ ಮೊದಲೇ 'ಅಕ್ಕಾ, ಒಮ್ಮೆ ಜಾಲ್ರಿ ತೆಗೀರಿ' ಅನ್ನುತ್ತಾನೆ. ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದ ನ್ಯಾಮತಿ ಕಡೆಯ ಹಳ್ಳಿಗಳಲ್ಲಿ ಇನ್ನೂ ಮಣ್ಣುಗೋಡೆಯ ಹಳೆಮನೆಗಳಿವೆ. ಅಲ್ಲಿ ಡ್ರಿಲ್ ಇಟ್ಟರೆ ತೂತು ಬಾವಿಯಾಗುತ್ತದೆ, ಗಿಟ್ಟಿ ಅದರೊಳಗೆ ಸುಮ್ಮನೆ ತಿರುಗುತ್ತದೆ. ಕಿಟಕಿಯ ಮರದ ಚೌಕಟ್ಟಿಗೇ ಒಂದು ಪಟ್ಟಿ ಬಿಗಿದು ಅದರ ಮೇಲೆ ಬ್ರಾಕೆಟ್ ಕೂರಿಸುವುದೇ ದಾರಿ. ಎರಡು ಮೊಳೆಗೆ ಸ್ಪ್ರಿಂಗ್ ಎಳೆದು ಹಳೇ ಸೀರೆ ತೂಗಿಸುತ್ತಿದ್ದ ಅಜ್ಜಿಯರಿಗೆ ಈ ತಾಪತ್ರಯ ಇರಲಿಲ್ಲ, ನಿಜ. ಆದರೆ ಆ ಸ್ಪ್ರಿಂಗ್ ವರ್ಷದೊಳಗೆ ಜೋತುಬೀಳುತ್ತಿತ್ತು.

ಜಗಳೂರು ಗಾಳಿಯಂತ್ರಗಳ ಬಯಲು. ತೆಳು ಪರದೆ ಅಲ್ಲಿ ಧ್ವಜವಾಗುತ್ತದೆ, ಸ್ಟೀಲ್ ರಾಡಿನ ಮೇಲೆ ರಿಂಗು ರಾತ್ರಿಯೆಲ್ಲ ಕಿಣಿಕಿಣಿ. ಬಟ್ಟೆಯ ಕೆಳಅಂಚಿಗೆ ನಾಲ್ಕಿಂಚಿನ ಮಡಿಕೆ ಹೊಲಿಸಿ ಒಳಗೆ ತೂಕದ ಸರ ಸೇರಿಸಬೇಕು. ಇದನ್ನು ಕೇಳದೆಯೇ ಹೇಳುವವನು ಸಿಕ್ಕರೆ ಬಿಡಬೇಡಿ.

ಇನ್ನು ಲೆಕ್ಕ. ಐದಡಿ ರಾಡಿಗೆ ಬಟ್ಟೆಯ ಅಗಲ ಕಡೆಪಕ್ಷ ಹತ್ತಡಿ ಬೇಕು, ಇಲ್ಲದಿದ್ದರೆ ನೆರಿಗೆ ಸತ್ತು ಪರದೆ ಬೆಡ್‌ಶೀಟಿನಂತೆ ಕಾಣುತ್ತದೆ. 48 ಇಂಚು ಪನ್ನದ ಬಟ್ಟೆಯಾದರೆ ಮೂರು ತುಂಡು. ರಿಂಗುಗಳು ಸಮಸಂಖ್ಯೆಯಲ್ಲೇ ಇರಬೇಕು, ಆಗಲೇ ಎರಡೂ ಅಂಚು ಗೋಡೆಯ ಕಡೆ ತಿರುಗುತ್ತವೆ. ಒಂಬತ್ತು ರಿಂಗ್ ಹೊಡೆದ ಪರದೆಯನ್ನು ನೋಡಿದರೆ ನನಗೆ ಗುಂಡಿ ತಪ್ಪಿ ಹಾಕಿದ ಅಂಗಿ ಕಂಡಂತಾಗುತ್ತದೆ.

ಫಿಟ್ಟರ್ ಮನೆಗೆ ಬರುವುದು ಎಲ್ಲರ ಕೊನೆಗೆ. ಬಣ್ಣ ಒಣಗಿರುತ್ತದೆ, ಗೃಹಪ್ರವೇಶ ನಾಳೆಯೋ ನಾಡಿದ್ದೋ. ಅವನ ಡ್ರಿಲ್ ಬಿಟ್ ಲಿಂಟಲ್ಲಿನ ಕಬ್ಬಿಣಕ್ಕೆ ತಗುಲಿ ನಿಂತರೆ, ಪಕ್ಕಕ್ಕೆ ಸರಿಸಿ ಇನ್ನೊಂದು ತೂತು ಹೊಡೆದರೆ, ಹೊಸ ಬಣ್ಣ ಕೆಡಿಸಿದ ಅಪವಾದ ಅವನದೇ. ಆಷಾಢದಲ್ಲಿ ಗೃಹಪ್ರವೇಶವಿಲ್ಲ, ಕೆಲಸವೂ ಇಲ್ಲ. ಶ್ರಾವಣ ಬಂದರೆ ಒಂದೇ ದಿನ ನಾಲ್ಕು ಮನೆಯವರ ಫೋನು. ಇಷ್ಟರ ಮೇಲೂ ಅಂಗಡಿಗಳ ಮುಂದೆ 'ಫಿಟ್ಟಿಂಗ್ ಉಚಿತ' ಎಂಬ ಬೋರ್ಡು. ಹಾಗೆ ಬರೆದ ಕಡೆ ನಾನು ಫಿಟ್ಟಿಂಗ್ ಕೂಲಿಯನ್ನು ಬಿಲ್ಲಿನಲ್ಲಿ ಬೇರೆಯಾಗಿ ಬರೆಸುತ್ತೇನೆ. ಅಂಗಡಿಯವರು ಮುಖ ಸಿಂಡರಿಸುತ್ತಾರೆ, ಬರೆದುಕೊಡುತ್ತಾರೆ.