ಸನಾದಿ ಕೇಳಿದ ಕಿವಿಗೆ ಸ್ಯಾಕ್ಸೊಫೋನ್

ಕದ್ರಿ ಗೋಪಾಲನಾಥರ ಬಗ್ಗೆ ಯಾರೇ ಬರೀಲಿ, ಒಂದು ವಾಕ್ಯ ಇದ್ದೇ ಇರುತ್ತದೆ: ಪಾಶ್ಚಾತ್ಯ ವಾದ್ಯದಲ್ಲಿ ಕರ್ನಾಟಕ ಸಂಗೀತ ನುಡಿಸಿ ಜಗತ್ತನ್ನು ಬೆರಗುಗೊಳಿಸಿದವರು. ಮಾತು ಸುಳ್ಳಲ್ಲ. ಆದ್ರೆ ಅದರಲ್ಲಿ ಸಂಗೀತದ ಬಗ್ಗೆ ಏನೂ ಇಲ್ಲ. ಅವರು ಯಾರಿಂದ ಏನು ತಗೊಂಡ್ರು, ಏನು ಬಿಟ್ರು, ಎಲ್ಲಿ ಗೆದ್ರು, ಎಲ್ಲಿ ಸುಲಭದ ದಾರಿ ಹಿಡಿದ್ರು ಅಂತ ಕೇಳದೆ ಬರೀ ಬೆರಗುಪಟ್ಟರೆ, ಕಲಾವಿದನಿಗೆ ಶಾಲು ಹೊದಿಸಿ ಮನೆಗೆ ಕಳಿಸಿದಂಗೆ.

ಇದಕ್ಕೆ ಜೋಡಿಯಾಗಿ ಇನ್ನೊಂದು ನಂಬಿಕೆ ಇದೆ. ಜಾಝ್ ಅಂದ್ರೆ ಬೆಂಗಳೂರಿನ ಪಬ್ಬುಗಳಲ್ಲಿ ಮಂದ ಬೆಳಕಿನಲ್ಲಿ ಕೂತವರ ಸೊತ್ತು ಅಂತ. ಕಮಲಾಪುರದ ಕಡೆ ಹಳ್ಳಿಯಲ್ಲಿ ಬೆಳೆದ ನಾನು ಹೆಡ್‌ಫೋನ್ ಹಾಕ್ಕೊಂಡು ಜಾನ್ ಕೋಲ್ಟ್ರೇನ್ ಕೇಳ್ತೀನಿ ಅಂದ್ರೆ ಆಫೀಸಿನವರು ಹುಬ್ಬೇರಿಸ್ತಾರೆ. ಕಲಬುರಗಿಯ ಗೆಳೆಯರು ಇನ್ನೂ ನೇರ: ‘ಏನಲೇ, ಭಾಳ ದೊಡ್ಡಾಂವ ಆಗಿಯಲ್ಲ!’ ಇಬ್ಬರಿಗೂ ನನ್ನ ಉತ್ತರ ಒಂದೇ. ಸನಾದಿ ಕೇಳಿ ಬೆಳೆದ ಕಿವಿಗೆ ಸ್ಯಾಕ್ಸೊಫೋನ್ ಹತ್ತಿರದ ದಾಯಾದಿ.

ಇದನ್ನ ಊರಿನ ಅಭಿಮಾನದಿಂದ ಹೇಳ್ತಿಲ್ಲ. ವಾದ್ಯದ ರಚನೆ ನೋಡ್ರಿ. ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದ ಈ ವಾದ್ಯದ ಕೊಳವೆ ಬಾಯಿಯ ಹತ್ತಿರ ಸಣ್ಣಗಿದ್ದು ಕೆಳಗೆ ಹೋಗ್ತಾ ಅಗಲ ಆಗುತ್ತದೆ. ಸನಾದಿಯೂ ಹಾಗೇ, ನಾಗಸ್ವರವೂ ಹಾಗೇ. ಸ್ಯಾಕ್ಸೊಫೋನಿಗೆ ಒಂಟಿ ರೀಡ್, ಇವೆರಡಕ್ಕೆ ಜೋಡಿ ರೀಡ್, ಅಷ್ಟೇ ವ್ಯತ್ಯಾಸ. ಕ್ಲಾರಿಯೋನೆಟ್ಟಿಗೂ ಒಂಟಿ ರೀಡೇ, ಆದ್ರೆ ಅದರ ಕೊಳವೆ ಬಹುಪಾಲು ಒಂದೇ ಅಳತೆಯದು. ಹೀಗಾಗಿ ಅದೇ ಬೆರಳಿಟ್ಟು ಮೇಲಿನ ಸ್ವರ ತೆಗೆದ್ರೆ ಕ್ಲಾರಿಯೋನೆಟ್‌ನಲ್ಲಿ ಷಡ್ಜ ಹಾರಿ ಮೇಲಿನ ಸ್ಥಾಯಿಯ ಪಂಚಮಕ್ಕೆ ಹೋಗುತ್ತದೆ. ಸ್ಯಾಕ್ಸೊಫೋನ್, ಸನಾದಿಗಳಲ್ಲಿ ಸೀದಾ ಮೇಲಿನ ಷಡ್ಜಕ್ಕೇ ಬರುತ್ತದೆ. ರಕ್ತಸಂಬಂಧ ಅಂದ್ರೆ ಇದೇ.

1977ರ ‘ಸನಾದಿ ಅಪ್ಪಣ್ಣ’ದಲ್ಲಿ ರಾಜಕುಮಾರ್ ಕೈಯಲ್ಲಿ ಸನಾದಿ ಇದ್ದರೂ ಉಸಿರು ಬಿಸ್ಮಿಲ್ಲಾ ಖಾನರದ್ದು. ಆ ನಾದ ನೆನಪಿಟ್ಟುಕೊಂಡು, ಕೋಲ್ಟ್ರೇನ್ 1960ರಲ್ಲಿ ಸೊಪ್ರಾನೊ ಸ್ಯಾಕ್ಸೊಫೋನಿನಲ್ಲಿ ರೆಕಾರ್ಡ್ ಮಾಡಿದ ‘ಮೈ ಫೇವರಿಟ್ ಥಿಂಗ್ಸ್’ ಕೇಳ್ರಿ. ನಾಟಕದ ಒಂದು ಪುಟ್ಟ ಹಾಡನ್ನ ಸುಮಾರು 14 ನಿಮಿಷ ಎಳೆದಿದ್ದಾನೆ. ಸುತ್ತಿ ಸುತ್ತಿ ಅದೇ ನೆಲೆಗೆ ಬಂದು ನಿಲ್ಲುವ ರೀತಿ, ಸ್ವಲ್ಪ ಮೂಗಿನಿಂದ ಬಂದಂಥ ಆ ದನಿ, ಎರಡೂ ನಮ್ಮ ಕಡೆ ಮದುವೆ ಕೇಳಿದವರಿಗೆ ಪರಿಚಯ ಹೇಳಿಕೊಡಬೇಕಿಲ್ಲ.

ಹಾಗಂತ ‘ಎಲ್ಲಾ ನಮ್ಮಿಂದಲೇ ಹೋದದ್ದು’ ಅಂತ ಎದೆ ತಟ್ಟಿಕೊಳ್ಳೋದು ಬೇಡ. ಪ್ರಭಾವ ಅನ್ನೋದು ಅಷ್ಟು ಸರಳ ಇಲ್ಲ. ಟೆನರ್ ಸ್ಯಾಕ್ಸೊಫೋನಿಗೆ ಜಾಝ್‌ನಲ್ಲಿ ಗೌರವದ ಸ್ಥಾನ ತಂದುಕೊಟ್ಟವನು ಕೋಲ್ಮನ್ ಹಾಕಿನ್ಸ್. ಅವನದು ದಪ್ಪ, ನಡುಗುವ ದನಿ. ಅದೇ ಟೆನರ್‌ನಲ್ಲಿ ಲೆಸ್ಟರ್ ಯಂಗ್ ಪೂರ್ತಿ ಬೇರೆ ದಾರಿ ಹಿಡಿದ. ಹಗುರ ದನಿ, ಉದ್ದದ ಸಾಲು, ಅವಸರವೇ ಇಲ್ಲ. 1937ರ ಬೇಸಿಗೆಯಲ್ಲಿ ಹದಿನಾರು ವರ್ಷದ ಚಾರ್ಲಿ ಪಾರ್ಕರ್ ಲೆಸ್ಟರನ ರೆಕಾರ್ಡು ಹಾಕ್ಕೊಂಡು ಒಂದೊಂದು ಸೋಲೊವನ್ನೂ ಬಾಯಿಪಾಠ ಮಾಡಿದ. ಆದ್ರೆ ಮುಂದೆ ಪಾರ್ಕರ್ ಆಲ್ಟೊದಲ್ಲಿ ಬೆಂಕಿಯ ವೇಗದಲ್ಲಿ ನುಡಿಸಿದ್ದು ಕೇಳಿದ್ರೆ ಲೆಸ್ಟರ್ ಎಲ್ಲಿದ್ದಾನೆ ಅಂತ ಹುಡುಕಬೇಕು. ಇದ್ದಾನೆ. ದನಿಯಲ್ಲಿ ಸಿಗೋದಿಲ್ಲ, ಸಾಲು ಎಲ್ಲಿ ಎತ್ತಿ ಎಲ್ಲಿ ಇಳಿಸಬೇಕು ಅನ್ನೋ ತೀರ್ಮಾನದಲ್ಲಿ ಸಿಗ್ತಾನೆ.

ನಮ್ಮ ಮಲ್ಲಿಕಾರ್ಜುನ ಮನ್ಸೂರರನ್ನೇ ತಗೊಳ್ರಿ. ಮೊದಲು ಗ್ವಾಲಿಯರ್ ಪದ್ಧತಿ, ಆಮೇಲೆ ಜೈಪುರ-ಅತ್ರೌಲಿಯ ಮಂಜಿ ಖಾನ್, ಬುರ್ಜಿ ಖಾನರ ಹತ್ತಿರ ಕಲಿಕೆ. ಕೇಳಿದಾಗ ಕಿವಿಗೆ ಸಿಗೋದು ಮಾತ್ರ ಮನ್ಸೂರರೇ.

ಈ ಅಳತೆಗೋಲು ಹಿಡಿದು ನೋಡಿದ್ರೆ ಕೋಲ್ಟ್ರೇನ್ ಗೆದ್ದದ್ದು ಎಲ್ಲಿ ಅಂತ ತಿಳೀತದೆ. 1961ರ ನವೆಂಬರಿನಲ್ಲಿ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್‌ನಲ್ಲಿ ನುಡಿಸಿದ ಒಂದು ರಚನೆಗೆ ಅವನಿಟ್ಟ ಹೆಸರೇ ‘ಇಂಡಿಯಾ’. ಅದರಲ್ಲಿ ಯಾವ ರಾಗವನ್ನೂ ಕದ್ದಿಲ್ಲ. ತಂಬೂರಿಯ ಶ್ರುತಿಯ ಜಾಗದಲ್ಲಿ ಎರಡೆರಡು ಬಾಸ್ ಇಟ್ಟು, ಕಾರ್ಡುಗಳ ಓಡಾಟ ನಿಲ್ಲಿಸಿ, ಒಂದೇ ನೆಲದ ಮೇಲೆ ನಿಂತು ಎಷ್ಟು ಹೊತ್ತು ಮಾತಾಡಬಹುದು ಅಂತ ನೋಡಿದ. 1965ರಲ್ಲಿ ಹುಟ್ಟಿದ ಮಗನಿಗೆ ರವಿಶಂಕರರ ನೆನಪಿಗೆ ರವಿ ಅಂತ ಹೆಸರಿಟ್ಟ.

ಕದ್ರಿಯವರು ಅದೇ ಸೇತುವೆಯ ಮೇಲೆ ಎದುರು ದಿಕ್ಕಿನಿಂದ ಬಂದವರು. ತಂದೆ ತನಿಯಪ್ಪ ನಾಗಸ್ವರದವರು. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮಗ ಮರುಳಾದರು. ವಾದ್ಯ ತಗೊಂಡ್ರು, ಜಾಝ್ ಮಾತ್ರ ತಗೊಳ್ಳಲಿಲ್ಲ. ಕೀಲಿಗಳಿರೋದು ಸ್ವರವನ್ನ ಬಿಡಿಬಿಡಿಯಾಗಿ ಕತ್ತರಿಸಿ ಕೊಡೋದಕ್ಕೆ, ಗಮಕ ಇರೋದು ಎರಡು ಸ್ವರಗಳ ನಡುವೆ. ಆ ಜಗಳವನ್ನ ಅವರು ತುಟಿ, ಉಸಿರಿನಿಂದ ಬಗೆಹರಿಸಿದ್ರು. ವಾದ್ಯಕ್ಕೂ ಒಂದಿಷ್ಟು ಮಾರ್ಪಾಡು ಮಾಡಿಕೊಂಡ್ರು. 1980ರ ಮುಂಬಯಿ ಜಾಝ್ ಉತ್ಸವದಲ್ಲಿ ಅವರನ್ನ ಕೇಳಿ, ಜೊತೆಗೆ ನುಡಿಸಲು ವೇದಿಕೆ ಹತ್ತಿದ್ದು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಕರೆಯಿತು.

ಒಂದು ತಕರಾರು ಹೇಳಲೇಬೇಕು. ಜನ ಅವರನ್ನ ನೆನೆಸೋದು ಕದನಕುತೂಹಲದ ‘ರಘುವಂಶ ಸುಧಾ’ದಿಂದ. ಆ ರಾಗವೇ ಬ್ಯಾಂಡಿನ ನಡಿಗೆಯದು. ಸ್ವರಗಳು ಕುಣಿದು ಕುಣಿದು ಹಾರ್ತವೆ, ಕೀಲಿ ವಾದ್ಯಕ್ಕೆ ಹೇಳಿ ಮಾಡಿಸಿದ ಹಾಗೆ. ಚಪ್ಪಾಳೆ ಗ್ಯಾರಂಟಿ. ಅವರ ನಿಜವಾದ ದೊಡ್ಡತನ ಇರೋದು ನಿಧಾನದ ಆಲಾಪನೆಯಲ್ಲಿ. ಅಲ್ಲಿ ಅಡಗಿಕೊಳ್ಳಲು ವೇಗ ಇರೋದಿಲ್ಲ. ಅಲ್ಲೇ ತಂದೆಯ ನಾಗಸ್ವರ ಕೇಳುತ್ತದೆ.

ಇನ್ನು ರುದ್ರೇಶ ಮಹಾಂತಪ್ಪ. ಕಮಲಾಪುರ ಬಸ್ ಸ್ಟ್ಯಾಂಡಿನಾಗ ನಿಂತು ‘ಮಹಾಂತಪ್ಪಾ’ ಅಂತ ಕೂಗಿದ್ರ ಮೂರು ಮಂದಿ ತಿರುಗಿ ನೋಡ್ತಾರ. ಇವರು ಹುಟ್ಟಿದ್ದು 1971ರಲ್ಲಿ ಇಟಲಿಯ ಟ್ರಿಯೆಸ್ಟ್‌ನಲ್ಲಿ, ಬೆಳೆದದ್ದು ಅಮೆರಿಕದ ಕೊಲರಾಡೊದಲ್ಲಿ, ಆರಾಧಿಸಿದ್ದು ಚಾರ್ಲಿ ಪಾರ್ಕರನನ್ನ. ಓದುವಾಗ ಅಣ್ಣ ತಮಾಷೆಗೆ ಅಂತ ಕದ್ರಿಯವರ ಆಲ್ಬಮ್ ಒಂದನ್ನ ಕೊಟ್ಟ. ತಮಾಷೆ ನಿಜವಾಯ್ತು. 2008ರಲ್ಲಿ ಇಬ್ಬರೂ ಕೂಡಿ ‘ಕಿನ್ಸ್‌ಮೆನ್’ ತಂದ್ರು. ಪಿಟೀಲಿನಲ್ಲಿ ಎ. ಕನ್ಯಾಕುಮಾರಿ, ಮೃದಂಗದಲ್ಲಿ ಪೂವಲೂರ್ ಶ್ರೀಜಿ.

ಇಬ್ಬರ ಕೈಯಲ್ಲೂ ಆಲ್ಟೊ ಸ್ಯಾಕ್ಸೊಫೋನೇ. ಆದ್ರೂ ಯಾರು ಯಾರು ಅಂತ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಕದ್ರಿಯವರು ಸ್ವರಕ್ಕೆ ಜಾರಿಕೊಂಡು ಬರ್ತಾರೆ, ಮಹಾಂತಪ್ಪ ಸ್ವರದ ಅಂಚನ್ನ ಹರಿತ ಮಾಡ್ತಾರೆ. ಇಬ್ಬರೂ ಒಟ್ಟಿಗೆ ಒಂದೇ ಸಾಲು ಊದುವ ಜಾಗಗಳು ನನಗೆ ಅಷ್ಟು ಹಿಡಿಸಲಿಲ್ಲ. ಒಗ್ಗಟ್ಟು ತೋರಿಸೋ ಅವಸರ ಅಲ್ಲಿ ಕಾಣ್ತದೆ. ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ‘ಹೌದೇನ್ರಿ?’ ಅಂತ ಬೇರೆ ಉತ್ತರ ಕೊಡುವಾಗ ಆಲ್ಬಮ್ ಜೀವ ಪಡೀತದೆ. ಪಾರ್ಕರನ ಶಿಷ್ಯ ಪಾರ್ಕರನಾಗೇ ಉಳಿಯಲಿಲ್ಲ, ಕದ್ರಿಯವರನ್ನ ನಕಲು ಮಾಡಲೂ ಇಲ್ಲ.

ಕೇಳೋ ಕ್ರಮ ಹೇಳ್ತೀನಿ. ಹಾಕಿನ್ಸನ ‘ಬಾಡಿ ಅಂಡ್ ಸೋಲ್’ನಿಂದ ಶುರು ಮಾಡ್ರಿ. ಅದು ರೆಕಾರ್ಡ್ ಆದದ್ದು 1939ರ ಅಕ್ಟೋಬರ್ 11. ಸರಿಯಾಗಿ 80 ವರ್ಷಕ್ಕೆ, 2019ರ ಅದೇ ದಿನ ಕದ್ರಿಯವರು ತೀರಿಹೋದರು. ಆಮೇಲೆ ಲೆಸ್ಟರ್, ಪಾರ್ಕರ್, ಕೋಲ್ಟ್ರೇನನ ‘ಇಂಡಿಯಾ’, ಕದ್ರಿಯವರ ಆಲಾಪನೆ, ಕೊನೆಗೆ ‘ಕಿನ್ಸ್‌ಮೆನ್’. ಕಲಬುರಗಿಯಿಂದ ಕಮಲಾಪುರಕ್ಕೆ ಬಸ್ಸಿನಲ್ಲಿ ಹೋಗಿ ಬರೋ ಹೊತ್ತಿಗೆ ಅರ್ಧ ಮುಗೀತದೆ.

ನಮ್ಮ ಕಡೆ ಮದುವೆಗಳಿಗೆ ಡಿಜೆ ಬಂದ ಮೇಲೆ ಸನಾದಿಯವರನ್ನ ಕರೆಸೋದು ಕಮ್ಮಿ ಆಗ್ತಾ ಬಂದಿದೆ. ಇನ್ನೂ ಕರೆಸೋ ಮನೆಗಳಿವೆ. ಅಂಥ ಮದುವೆಗೆ ಹೋದಾಗ, ಅಕ್ಕಿಕಾಳು ಬೀಳೋ ಗದ್ದಲದಲ್ಲೂ, ಊದುವವರ ಹತ್ತಿರ ಹೋಗಿ ಹತ್ತು ನಿಮಿಷ ನಿಂತು ಕೇಳ್ರಿ. ಅದೂ ಈ ಪಟ್ಟಿಯೊಳಗೇ ಬರ್ತದೆ.