ಗೊಣಗುವವರ ಪರವಾಗಿ ಹಾಡಿದವನು

ಕೀತ್ ಗ್ರೀನ್ 1980ರ ಮೇ ತಿಂಗಳಲ್ಲಿ ಹೊರತಂದ 'ಸೋ ಯು ವಾನಾ ಗೋ ಬ್ಯಾಕ್ ಟು ಈಜಿಪ್ಟ್' ಆಲ್ಬಂ ಕುರಿತ ಮಾತು ಹೆಚ್ಚಾಗಿ ಹಾಡುಗಳವರೆಗೆ ಬರುವುದೇ ಇಲ್ಲ, ಬೆಲೆಯ ಹತ್ತಿರವೇ ನಿಂತುಬಿಡುತ್ತದೆ. ಏಕೆಂದರೆ ಅದಕ್ಕೆ ಬೆಲೆಯೇ ಇರಲಿಲ್ಲ. ಸ್ಪ್ಯಾರೋ ರೆಕಾರ್ಡ್ಸ್ ಎಂಬ ಕ್ರೈಸ್ತ ಸಂಗೀತ ಕಂಪನಿಗೆ 1977 ಮತ್ತು 1978ರಲ್ಲಿ ಎರಡು ಆಲ್ಬಂ ಮಾಡಿಕೊಟ್ಟಿದ್ದ ಈ ಅಮೆರಿಕನ್ ಗಾಯಕ ಒಪ್ಪಂದದಿಂದ ಬಿಡುಗಡೆ ಪಡೆದು, ಹೆಂಡತಿ ಮೆಲಡಿಯೊಂದಿಗೆ ಮನೆಯನ್ನೇ ಅಡವಿಟ್ಟು ಇದನ್ನು ಸಿದ್ಧಪಡಿಸಿದ. ಮೊದಲಿಗೆ ಅಂಗಡಿಗೆ ಕಳಿಸಲಿಲ್ಲ. ಬೇಕಾದವರು ಅಂಚೆಯಲ್ಲಿ ತರಿಸಿಕೊಳ್ಳಬೇಕು, ಇಲ್ಲವೇ ಸಂಗೀತ ಕಛೇರಿ ನಡೆದ ಜಾಗದಲ್ಲಿ ಪಡೆಯಬೇಕು. ಎಷ್ಟು ಕೊಡುವುದೆಂದು ಕೊಳ್ಳುವವರೇ ನಿರ್ಧರಿಸಬೇಕು. 2007ರಲ್ಲಿ ರೇಡಿಯೋಹೆಡ್ ತಂಡ ಇದೇ ಕ್ರಮ ಹಿಡಿದಾಗ ಪತ್ರಿಕೆಗಳು ಅದನ್ನೊಂದು ಕ್ರಾಂತಿಯಂತೆ ಬಣ್ಣಿಸಿದವು. ಗ್ರೀನ್‌ನ ಪ್ರಯೋಗ ಅದಕ್ಕೆ 27 ವರ್ಷ ಹಿಂದಿನದು. ಆದರೆ ಈ ಕಥೆಯ ರೋಚಕತೆಯಲ್ಲಿ ಆಲ್ಬಂನ ನಿಜವಾದ ಹೆಚ್ಚುಗಾರಿಕೆ ಮರೆಗೆ ಸರಿದಿದೆ. ಅದರಲ್ಲಿ ಪ್ರಾರ್ಥನೆಯಷ್ಟು ಗಂಭೀರವಾದ ಹಾಡುಗಳಿವೆ, ಮನಸಾರೆ ನಗಿಸುವ ಹಾಡೂ ಇದೆ. ನಗೆಹಾಡನ್ನು ಊಟದೆಲೆಯ ಉಪ್ಪಿನಕಾಯಿಯಂತೆ ತುದಿಯಲ್ಲಿಟ್ಟು ನೋಡುವುದು ಭಕ್ತ ಕೇಳುಗರ ಅಭ್ಯಾಸ. ನನಗೆ ಕಾಣುವುದು ಇದಕ್ಕೆ ತದ್ವಿರುದ್ಧ: ಆಲ್ಬಂಗೆ ಹೆಸರು ಕೊಟ್ಟ ಆ ತಮಾಷೆಯ ಹಾಡೇ ಅದರಲ್ಲಿನ ಅತ್ಯಂತ ಗಂಭೀರ ಕೃತಿ, ಗ್ರೀನ್‌ನ ಉಗ್ರ ಹಾಡುಗಳಿಗೆ ದಕ್ಕದ ಪ್ರಾಮಾಣಿಕತೆ ಅದಕ್ಕೆ ದಕ್ಕಿದೆ.

ಹಾಡಿನ ಮೂಲ ಬೈಬಲಿನ ಅರಣ್ಯಕಾಂಡದ 11ನೆಯ ಅಧ್ಯಾಯ. ಐಗುಪ್ತದ (ಈಜಿಪ್ಟಿನ) ಗುಲಾಮಗಿರಿಯಿಂದ ಪಾರಾದ ಇಸ್ರಾಯೇಲ್ಯರು ಮರುಭೂಮಿಯಲ್ಲಿ ದೇವರು ಕೊಟ್ಟ ಮನ್ನಾ ಎಂಬ ಆಹಾರವನ್ನೇ ತಿಂದು ತಿಂದು ಬೇಸತ್ತು, ಐಗುಪ್ತದಲ್ಲಿ ಪುಕ್ಕಟೆ ಸಿಗುತ್ತಿದ್ದ ಮೀನು, ಸೌತೆಕಾಯಿ, ಈರುಳ್ಳಿ, ಬೆಳ್ಳುಳ್ಳಿಗಳನ್ನು ನೆನೆದು ಅಳುತ್ತಾರೆ. ಗ್ರೀನ್ ಇದನ್ನು ಅಡುಗೆಮನೆಯ ಪ್ರಹಸನವಾಗಿಸುತ್ತಾನೆ: ಬೆಳಿಗ್ಗೆ ಮನ್ನಾ, ಮಧ್ಯಾಹ್ನ ಮನ್ನಾ, ವಾಫಲ್‌ನಲ್ಲಿ, ಬರ್ಗರ್‌ನಲ್ಲಿ, ಕೊನೆಗೆ ಬನಾನಾ ಬ್ರೆಡ್ಡಿನ ಹೆಸರಿನೊಳಗೂ ಮನ್ನಾ. ಇದು ಕೇವಲ ಶಬ್ದದ ಚೇಷ್ಟೆ ಎನ್ನುವವರು ಅದೇ ಅಧ್ಯಾಯವನ್ನು ಇನ್ನೂ ಮೂರು ವಾಕ್ಯ ಮುಂದೆ ಓದಬೇಕು. ಜನ ಮನ್ನಾವನ್ನು ಕೂಡಿಸಿ ತಂದು, ಬೀಸಿ ಇಲ್ಲವೇ ಕುಟ್ಟಿ, ಬೇಯಿಸಿ, ರೊಟ್ಟಿ ಮಾಡುತ್ತಿದ್ದ ವಿವರ ಅಲ್ಲೇ ಇದೆ. ಉಪದೇಶಕರು ಸಾಮಾನ್ಯವಾಗಿ ಹಾರಿಸಿಬಿಡುವ ಆ ಪಾಕವಿಧಾನದ ಮೇಲೆಯೇ ಗ್ರೀನ್ ತನ್ನ ಹಾಸ್ಯವನ್ನು ಕಟ್ಟಿದ್ದಾನೆ. ಹಾಡಿನ ಧ್ವನಿ ಜಾಗ ಬದಲಿಸುವ ಬಗೆ ಇನ್ನೂ ಮುಖ್ಯ. ಶುರುವಿನಲ್ಲಿ ಆತ ಎದುರಿಗಿರುವವರನ್ನು 'ನೀನು' ಎಂದು ಕೆಣಕುತ್ತಾನೆ. ಅದು ಬೋಧಕನ ಮಾತು. ನೋಡನೋಡುತ್ತಿದ್ದಂತೆ ಅದು 'ನಾನು', 'ನಾವು' ಆಗಿ ಜಾರುತ್ತದೆ, ಹಾಡುಗಾರನೇ ಗುಂಪಿನೊಳಗೆ ನಿಂತು ಗೊಣಗತೊಡಗುತ್ತಾನೆ. ಇಸ್ರಾಯೇಲ್ಯರ ನಾಯಕ ಮೋಶೆಯನ್ನು ದೊಡ್ಡಸ್ತಿಕೆಯವನೆಂದು ಹಂಗಿಸುವ ಮಾತಿಗೂ ಅಲ್ಲಿ ಎಡೆ ಇದೆ. ಲಾಸ್ಟ್ ಡೇಸ್ ಮಿನಿಸ್ಟ್ರೀಸ್ ಎಂಬ ಸಂಸ್ಥೆ ಕಟ್ಟಿ ನಡೆಸುತ್ತಿದ್ದ ಮನುಷ್ಯ, ನಾಯಕನ ಬೆನ್ನ ಹಿಂದೆ ಜನ ಆಡಿಕೊಳ್ಳುವ ಮಾತನ್ನು ಖುದ್ದು ನಟಿಸಿ ತೋರಿಸುತ್ತಾನೆ. ದೂರಿದವರನ್ನು ನೆಲವೇ ಬಾಯ್ತೆರೆದು ನುಂಗಿದ ಪ್ರಸಂಗ ಕೂಡ ಊಟದ ಜೋಕಿನ ವೇಷದಲ್ಲೇ ಬರುತ್ತದೆ. ನಕ್ಕು ಮುಗಿಸಿದ ಮೇಲೆಯೇ ನಕ್ಕದ್ದು ಯಾವುದಕ್ಕೆ ಎಂದು ತಿಳಿಯುವುದು.

ಇಲ್ಲೊಂದು ಆಕ್ಷೇಪ ಸಹಜ. ಕ್ರೈಸ್ತ ಸಭೆಗಳಲ್ಲಿ ಹಳೆಯ ಒಡಂಬಡಿಕೆಯ ಇಸ್ರಾಯೇಲ್ಯರನ್ನು ಕೃತಘ್ನರೆಂದು ಲೇವಡಿ ಮಾಡುವ ಹಳೆಯ, ಅಷ್ಟೇನೂ ಮುಗ್ಧವಲ್ಲದ ಚಾಳಿಯಿದೆ. ಈ ಹಾಡೂ ಅದೇ ಸಾಲಿಗೆ ಸೇರುವುದಿಲ್ಲವೇ? ಗ್ರೀನ್ ಯಹೂದಿ ಮೂಲದವನು, ಹಾಗಾಗಿ ಮರುಭೂಮಿಯಲ್ಲಿ ಗೊಣಗಿದವರು ಅವನ ಪೂರ್ವಜರೇ ಎಂದು ಹೇಳಬಹುದು. ಆದರೆ ಹುಟ್ಟೊಂದೇ ಹಾಡನ್ನು ಕಾಯಲಾರದು. ಕಾಯುವುದು ತಿನಿಸುಗಳ ಆಯ್ಕೆ. ವಾಫಲ್, ಬರ್ಗರ್ ತಿನ್ನುವವರು ಮೋಶೆಯ ಕಾಲದವರಲ್ಲ, 1980ರ ಅಮೆರಿಕದ ಉಪನಗರಗಳ ಭಕ್ತರು. ಕೇಳುಗರು ಬೇರೆಯವರನ್ನು ನೋಡಿ ನಗಲು ಕೂತು ತಮ್ಮನ್ನೇ ನೋಡಿ ನಗಬೇಕಾಗುತ್ತದೆ.

ಗಂಭೀರ ಹಾಡುಗಳ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. 1978ರ ಆಲ್ಬಂನ 'ಅಸ್ಲೀಪ್ ಇನ್ ದ ಲೈಟ್' ನಿದ್ರಿಸುತ್ತಿರುವ ಸಭೆಯನ್ನು ಝಾಡಿಸುತ್ತದೆ. ಶಕ್ತಿಯುತ ಹಾಡು, ನಿಜ, ಆದರೆ ಹಾಡುಗಾರ ಮಾತ್ರ ಎಚ್ಚರವಾಗಿದ್ದಾನೆ ಎಂಬ ಭಾವ ಅದರುದ್ದಕ್ಕೂ ಇದೆ. 'ಈಜಿಪ್ಟ್' ಆಲ್ಬಂನಲ್ಲೇ ಇರುವ 'ಪ್ಲೆಡ್ಜ್ ಮೈ ಹೆಡ್ ಟು ಹೆವನ್' ಬಾಬ್ ಡಿಲನ್ ನುಡಿಸಿದ ಹಾರ್ಮೋನಿಕಾದಿಂದ ಪ್ರಸಿದ್ಧ. ಅದರಲ್ಲಿ ಗಾಯಕ ತನ್ನ ತಲೆಯನ್ನಷ್ಟೇ ಅಲ್ಲ, ಹೆಂಡತಿ ಮಕ್ಕಳನ್ನೂ ಸುವಾರ್ತೆಗಾಗಿ ಮುಡಿಪಿಡುತ್ತಾನೆ. 1982ರ ಜುಲೈ 28ರಂದು ಟೆಕ್ಸಾಸ್‌ನಲ್ಲಿ ಮಿತಿಮೀರಿ ಜನ ತುಂಬಿದ್ದ ಸಣ್ಣ ವಿಮಾನ ಬಿದ್ದು ಗ್ರೀನ್ ಮತ್ತು ಅವನ ಇಬ್ಬರು ಮಕ್ಕಳೂ ಸೇರಿ 12 ಮಂದಿ ಸತ್ತರು. ಅಂದಿನಿಂದ ಈ ಹಾಡನ್ನು ಭವಿಷ್ಯವಾಣಿಯಂತೆ ಕೇಳುವ ರೂಢಿ ಬೆಳೆಯಿತು, ವಿಮರ್ಶೆಗೆ ಬಾಗಿಲು ಮುಚ್ಚಿತು. ದುರಂತವನ್ನು ಪಕ್ಕಕ್ಕಿಟ್ಟು ಕೇಳಿದರೆ, ಇನ್ನೊಬ್ಬರ ಬದುಕನ್ನು ಮುಡಿಪಿಡಲು ನನಗೇನು ಅಧಿಕಾರ ಎಂಬ ಪ್ರಶ್ನೆ ಅದರಲ್ಲಿ ಒಮ್ಮೆಯೂ ಏಳುವುದಿಲ್ಲ. ಅಂಥ ಪ್ರಶ್ನೆ ಕೇಳುವ ಬಾಯಿ ಗೊಣಗುವವರದು. ಅವರಿಗೆ ಜಾಗ ಸಿಕ್ಕಿದ್ದು ನಗೆಹಾಡಿನಲ್ಲಿ ಮಾತ್ರ. ಒಳಜಗಳವನ್ನೇ ವಸ್ತುವಾಗಿಸಿಕೊಂಡ 'ರೋಮನ್ಸ್ ಸೆವೆನ್' ಹಾಡು ಇದಕ್ಕೆ ಹೊರತು ಎನ್ನಬಹುದೇನೋ. ಆದರೆ ಅಲ್ಲಿಯೂ ಆ ಜಗಳ ತನ್ನೊಂದಿಗೇ ಹೊರತು ನಾಯಕನೊಂದಿಗಲ್ಲ.

ಇನ್ನು ಬೆಲೆಯ ವಿಚಾರ. 1982ರ ಮೇ ಹೊತ್ತಿಗೆ 2 ಲಕ್ಷಕ್ಕೂ ಹೆಚ್ಚು ಪ್ರತಿಗಳು ಹೋಗಿದ್ದವು, ಅವುಗಳಲ್ಲಿ 61,000 ಪೂರ್ತಿ ಉಚಿತ. ಅಂದರೆ ಪಡೆದವರಲ್ಲಿ ಹತ್ತಕ್ಕೆ ಏಳರಷ್ಟು ಜನ ಏನನ್ನೋ ಕೊಟ್ಟರು. ಇದು ಜಾಣ ಪ್ರಚಾರ, ಆಗಲೇ ಹೆಸರು ಮಾಡಿದವನಿಗಷ್ಟೇ ಸಾಧ್ಯ ಎಂಬ ಟೀಕೆಯಲ್ಲಿ ಹುರುಳಿದೆ. ಹೆಸರು ತಂದುಕೊಟ್ಟದ್ದು ಕಂಪನಿಯ ಎರಡು ಆಲ್ಬಂಗಳು, ಅಡವಿಡಲು ಮನೆಯೂ ಇತ್ತು. ಹಾಗಾಗಿ ಇಂದಿನ ಸ್ವತಂತ್ರ ಸಂಗೀತಗಾರರಿಗೆ ಇದನ್ನು ಮಾದರಿಯೆಂದು ತೋರಿಸುವುದು ಕ್ರೂರವೇ ಸರಿ. ಆದರೆ ಪ್ರಚಾರವೆಂಬ ಕಾರಣಕ್ಕೆ ಅದು ಹಾಡಿಗೆ ಹೊರಗಿನದಾಗುವುದಿಲ್ಲ. ಗುಲಾಮಗಿರಿಯಲ್ಲಿ ತಿಂದ ಮೀನನ್ನು 'ಪುಕ್ಕಟೆ' ಎಂದುಕೊಂಡವರ ಕಥೆಯನ್ನು, ಬೇಕಿದ್ದರೆ ಪುಕ್ಕಟೆಯಾಗಿಯೇ ತೆಗೆದುಕೊಳ್ಳಿ ಎಂದು ಕೈಗಿಟ್ಟರೆ, ಯಾವ ಪುಕ್ಕಟೆ ಯಾವುದರ ಬಾಬ್ತು ಎಂಬ ಯೋಚನೆ ಕೇಳುಗರಿಗೆ ತಪ್ಪಿದ್ದಲ್ಲ. ಅಂಗಡಿಯ ಬೆಲೆಪಟ್ಟಿ ಅಂಟಿದ್ದರೆ ಈ ವ್ಯಂಗ್ಯದ ಅರ್ಧ ಸತ್ತುಹೋಗುತ್ತಿತ್ತು.

ಕಡೆಯ ಆಕ್ಷೇಪವೇ ಎಲ್ಲಕ್ಕಿಂತ ಗಟ್ಟಿ. ಶ್ಲೇಷೆ ಎರಡನೆಯ ಸಲಕ್ಕೆ ಹಳಸುತ್ತದೆ. ಇಗರ್ಜಿಗಳಲ್ಲಿ ಇಂದಿಗೂ ಹಾಡುವುದು ಇದೇ ಆಲ್ಬಂನ 'ಓ ಲಾರ್ಡ್ ಯೂ ಆರ್ ಬ್ಯೂಟಿಫುಲ್' ಮತ್ತು ಮೆಲಡಿ ಬರೆದ 'ದೇರ್ ಈಸ್ ಎ ರಿಡೀಮರ್' ಗೀತೆಗಳನ್ನು, ಮನ್ನಾದ ಹಾಡನ್ನಲ್ಲ. ಅದು ನಿಜ. ಸಭೆಯೊಂದು ಒಕ್ಕೊರಲಿನಿಂದ ಹಾಡಲು ಬೇಕಾದದ್ದು ನಿಧಾನವಾದ, ಯಾರ ಬಾಯಿಗೂ ಒಗ್ಗುವ ಧಾಟಿ. ಮನ್ನಾದ ಹಾಡಿಗೆ ಮುಖ ಸೊಟ್ಟ ಮಾಡಿ ಗೊಣಗಬಲ್ಲ ಒಬ್ಬನೇ ನಟ ಬೇಕು. ಸಭೆಗೆ ಒಗ್ಗಿದ್ದು ಯಾವುದು ಎಂಬುದನ್ನು ಗೀತಪುಸ್ತಕ ಹೇಳೀತು, ಗ್ರೀನ್‌ಗೆ ಮಾತ್ರ ಬರೆಯಲು ಸಾಧ್ಯವಿದ್ದದ್ದು ಯಾವುದು ಎಂಬುದನ್ನಲ್ಲ. ಅದೇ ಆರಾಧನೆಯ ದಾರಿ ಹಿಡಿದ 1982ರ 'ಸಾಂಗ್ಸ್ ಫಾರ್ ದ ಶೆಪರ್ಡ್' ಆಲ್ಬಂ ಸುಂದರವಾಗಿದೆ, ಶುದ್ಧವಾಗಿದೆ. ಆದರೆ ಅದರಲ್ಲಿ ಗೊಣಗುವವರು ಯಾರೂ ಇಲ್ಲ.